ಸಹಾಯ ಬೇಕು: ದುಬೈ ಮರಳುಗಾಡಿನ ಸಂಜೆ ಸಫಾರಿ ಅವ್ವನಿಗೆ ಆಗುತ್ತಾ?

ಎಲ್ಲರಿಗೂ ನಮಸ್ಕಾರ್ರೀ. ನಾವು ಕಲಬುರಗಿಯವರು. ಜನವರಿಯಲ್ಲಿ ಅಪ್ಪ, ಅವ್ವನನ್ನು ಕರೆದುಕೊಂಡು ದುಬೈಗೆ ಹೊರಟಿದ್ದೇವೆ. ತಮ್ಮ ಅಲ್ಲೇ ಕೆಲಸದಲ್ಲಿದ್ದಾನೆ, ಸಂಜೆ ಸಫಾರಿಗೆ ಹೋಗೋಣ ಅಂತಿದ್ದಾನೆ.

ನನ್ನ ಚಿಂತೆ ಅವ್ವನ ಸೊಂಟದ್ದು. ಟೈರಿನ ಗಾಳಿ ಇಳಿಸಿ, ಲ್ಯಾಂಡ್ ಕ್ರೂಸರ್‌ನಲ್ಲಿ ಮರಳು ದಿಬ್ಬ ಹತ್ತಿಸಿ ಇಳಿಸುತ್ತಾರಲ್ಲ, ಬೆನ್ನು ನೋವಿದ್ದವರಿಗೆ ಅದು ಬೇಡ ಅಂತಾರೆ. ನಮ್ಮ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಹತ್ತಿದರೇ ಅವ್ವ ಎರಡು ದಿನ ಮಲಗುತ್ತಾಳೆ. ಆ ಕುಣಿತ ಬಿಟ್ಟು, ರಾತ್ರಿ ಊಟ ಇರುವ ಮರಳುಗಾಡಿನ ಕ್ಯಾಂಪಿಗೆ ನೇರ ಕರೆದೊಯ್ಯುವ ಗಾಡಿ ಸಿಗುತ್ತಾ? ದುಡ್ಡು ಜಾಸ್ತಿ ಕೇಳುತ್ತಾರಾ? ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತೆ, ಕೂತವರು ಮುಂದಕ್ಕೆ ವಾಲುತ್ತಾರೆ. ಹಾಗಾಗಿ ಒಂಟೆ ಸವಾರಿಯೂ ಬೇಡ ಅಂದಿದ್ದೇನೆ. ಅವ್ವ ಇನ್ನೂ ಒಪ್ಪಿಲ್ಲ!

ಅಪ್ಪನದು ಊಟದ ತಕರಾರು. ರಾತ್ರಿ ಬಾರ್ಬೆಕ್ಯೂ, ಅಂದರೆ ಕೆಂಡದ ಮೇಲೆ ಸುಡುವ ಅಡುಗೆ ಅಂತೆ. ಸಸ್ಯಾಹಾರಕ್ಕೆ ಬೇರೆ ಒಲೆ ಇರುತ್ತಾ, ಎಲ್ಲ ಒಂದರಲ್ಲೇನಾ? ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಒಳಗೆ ಬಿಡುತ್ತಾರಾ?

ಇನ್ನೊಂದು, ಸ್ವೆಟರ್ ತನ್ನಿ ಅಂತಾನೆ ತಮ್ಮ. ಮರಳುಗಾಡಲ್ಲಿ ಚಳಿನಾ ಅಂತ ಅಪ್ಪ ನಗುತ್ತಿದ್ದಾರೆ. ಬಿಸಿಲೂರಿನವರು ಅಲ್ವಾ. ವಯಸ್ಸಾದವರನ್ನು ಕರೆದುಕೊಂಡು ಹೋಗಿಬಂದವರು ದಯವಿಟ್ಟು ಹೇಳಿ, ಈ ವಾರವೇ ಬುಕ್ ಮಾಡಬೇಕು.