ಪುಕ್ಕಟೆ ತಾಪಾಸ್ ಮತ್ತು ರಾಘು ಪಾಲು
ಸ್ಪೇನಿನ ಗ್ರನಾಡಾದಲ್ಲಿ ಓದುವ ಹುಡುಗರನ್ನು ಕೇಳಿ ನೋಡಿ. ಅಲ್ಹಾಂಬ್ರಾ ಅರಮನೆಗಿಂತ ಮೊದಲು ಹೊಗಳುವುದು ಪುಕ್ಕಟೆ ತಾಪಾಸನ್ನು. ಈ ಊರಿನ ಬಾರ್‌ಗಳಲ್ಲಿ ಕುಡಿಯಲು ಏನಾದರೂ ತೆಗೆದುಕೊಂಡರೆ ಸಾಕು, ಜೊತೆಗೆ ಒಂದು ಪುಟ್ಟ ತಟ್ಟೆ ತಿಂಡಿ ತಾನಾಗಿಯೇ ಬರುತ್ತದೆ. ಇನ್ನೊಂದು ಲೋಟ ಹೇಳಿದರೆ ಇನ್ನೊಂದು ತಟ್ಟೆ. ಆದರೆ ಎಷ್ಟೋ ಕಡೆ ನಮ್ಮ ಇಷ್ಟ ಯಾರೂ ಕೇಳುವುದಿಲ್ಲ. ಅವರು ಕೊಟ್ಟಿದ್ದು, ನಾವು ತಿಂದಿದ್ದು.

ಹಾಗಾಗಿ ನಮ್ಮ ಗುಂಪಿಗೆ ರಾಘು ದೇವರು ಕೊಟ್ಟ ವರ. ಉಡುಪಿಯವನು, ಮೊಟ್ಟೆಯನ್ನೂ ಮುಟ್ಟದವನು. ಅವನ ಪಾಲಿನ ತಟ್ಟೆ ಬಂದದ್ದೇ ತಡ, ಮಂಡ್ಯದ ಮಂಜ ಕೈ ಚಾಚುತ್ತಿದ್ದ.

"ಮಾಂಸ ಬೇಡ ಅಂತ ಸ್ಪ್ಯಾನಿಷ್‌ನಲ್ಲೇ ಹೇಳಿದ್ದೆ ಮಾರಾಯ. ಸಲಾಡ್‌ನಲ್ಲಿ ಎಂತದಿದು?"

"ಟ್ಯೂನಾ. ಮಾಂಸ ಎಲ್ಲಿ ಹಾಕಿದ್ದಾರೆ?"

"ಮೀನು ಮಾಂಸ ಅಲ್ವಾ?"

"ಇಲ್ಲಿ ಅಲ್ಲ ಗುರು. ಕೊಡು ಈ ಕಡೆ."

ಮೀನೇ ಹೀಗಾದರೆ ಹಾಮೋನ್ ಕಥೆ ಕೇಳಬೇಕೆ? ಉಪ್ಪು ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಹಂದಿ ತೊಡೆ ಅದು. ಇಡೀ ಕಾಲುಗಳನ್ನು ಗೊರಸಿನ ಸಮೇತ ಬಾರಿನ ಸೂರಿಗೆ ಸಾಲಾಗಿ ನೇತು ಹಾಕಿರುತ್ತಾರೆ. ತೊಟ್ಟಿಕ್ಕುವ ಕೊಬ್ಬು ಗಿರಾಕಿಯ ತಲೆ ಮೇಲೆ ಬೀಳದಿರಲಿ ಎಂದು ಒಂದೊಂದರ ತುದಿಗೂ ಪುಟಾಣಿ ಕಪ್ಪು. ರಾಘು ಯಾವಾಗಲೂ ಬಾಗಿಲ ಬಳಿಯ ಕುರ್ಚಿಯನ್ನೇ ಹಿಡಿಯುತ್ತಿದ್ದ.

"ತೋರ್ತಿಯಾ ತಿನ್ನೋ, ಬರೀ ಆಲೂಗಡ್ಡೆ" ಎಂದಳು ದಾವಣಗೆರೆಯ ಶ್ವೇತಾ.

"ಆಲೂಗಡ್ಡೆಯನ್ನು ಅಂಟಿಸಿರುವುದು ಮೊಟ್ಟೆ."

"ಇಲ್ಲಿಯವರಿಗೆ ಮೊಟ್ಟೆ ಚಿಂತೆಯೇ ಇಲ್ಲ. ಜಗಳವೆಲ್ಲ ಈರುಳ್ಳಿ ಹಾಕಬೇಕಾ ಬೇಡವಾ ಅಂತ. ಅದಕ್ಕೇ ದೇಶದಲ್ಲಿ ಎರಡು ಬಣ."

"ನಮ್ಮ ಅಜ್ಜಿ ಈರುಳ್ಳಿ ಬೇಡ ಅನ್ನುವ ಬಣ."

ಶ್ವೇತಾಳ ದುಃಖ ಬೇರೆ. ಅವಳಿಗೆ ಖಾರ ಬೇಕು. ಪತಾತಾಸ್ ಬ್ರಾವಾಸ್ ಖಾರ ಎಂದು ಇಲ್ಲಿನ ಗೆಳತಿ ಎಚ್ಚರಿಸಿದ್ದಳು. ಹುರಿದ ಆಲೂಗಡ್ಡೆ, ಮೇಲೆ ಕೆಂಪು ಸಾಸ್. ಶ್ವೇತಾ ಒಂದು ತಟ್ಟೆ ಮುಗಿಸಿ, ಖಾರ ಯಾವಾಗ ತರುತ್ತಾರೆ ಎಂದು ಕೇಳಿದಳು. ಆಮೇಲೆ ಪದ್ರೋನ್ ಮೆಣಸಿನಕಾಯಿ ತರಿಸಿದೆವು. ಗಲಿಸಿಯಾ ಕಡೆಯದು, ಎಣ್ಣೆಯಲ್ಲಿ ಬಾಡಿಸಿ ಹರಳುಪ್ಪು ಉದುರಿಸುತ್ತಾರೆ. ಹೆಚ್ಚಿನವು ಸಪ್ಪೆ, ನಡುವೆ ಯಾವುದೋ ಒಂದು ಖಾರ. ಅದು ಸಿಗುವ ಆಸೆಯಲ್ಲಿ ಅಷ್ಟನ್ನೂ ಒಬ್ಬಳೇ ತಿಂದಳು. ಸಿಕ್ಕಿದ್ದು ಮಂಜನಿಗೆ, ಅವಳ ತಟ್ಟೆಯಿಂದ ಕದ್ದ ಒಂದೇ ಒಂದು ಕಾಯಲ್ಲಿ.

"ನೋಡಪ್ಪ" ಎಂದು ಅವಳು ಶುರು ಮಾಡಿದಳು. "1492ರಲ್ಲಿ ಕೊಲಂಬಸ್ ರಾಜ, ರಾಣಿ ಜೊತೆ ಒಪ್ಪಂದ ಮಾಡಿಕೊಂಡದ್ದು ಇಲ್ಲೇ ಪಕ್ಕದ ಸಾಂತಾ ಫೆಯಲ್ಲಿ. ಅವನು ಹೋಗಿ ಬಂದ ಮೇಲೇ ಯುರೋಪಿಗೆ ಮೆಣಸಿನಕಾಯಿ ಬಂದದ್ದು. ಅಷ್ಟು ದೂರದಿಂದ ತಂದು ಇವರು ಮಾಡಿದ್ದೇನು? ಮುಂದಕ್ಕೆ ದಾಟಿಸಿ ಸುಮ್ಮನಾದರು!"

ರಾತ್ರಿ ಊಟಕ್ಕೆ ಒಂಬತ್ತಾಗಬೇಕು, ಅದರ ಬಗ್ಗೆ ದೂರಿ ಪ್ರಯೋಜನವಿಲ್ಲ. ಪಾಯೆಯಾ ಅಂದರೆ ಅನ್ನ ಎಂದು ರಾಘು ಹಿಗ್ಗಿದ್ದ. ವೆಲೆನ್ಸಿಯಾದ ಅಸಲಿ ಪಾಯೆಯಾದಲ್ಲಿ ಕೋಳಿ, ಮೊಲ ಎರಡೂ ಇರುತ್ತವೆಂದು ತಿಳಿದು ಮನೆಗೆ ಹೋಗಿ ಕುಕ್ಕರ್ ಇಟ್ಟ.

ಅವನನ್ನು ಉಳಿಸಿದ್ದು ಬದನೆಕಾಯಿ. ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ, ಗರಿಗರಿಯಾಗಿ ಕರಿದು, ಮೇಲೆ ಕಪ್ಪನೆಯ ಕಬ್ಬಿನ ಪಾಕ ಸುರಿಯುತ್ತಾರೆ. ಮಂಜ ಬೆರಳಲ್ಲಿ ಅದ್ದಿ ನೆಕ್ಕಿ ಎದ್ದೇ ನಿಂತ. "ಜೋನಿ ಬೆಲ್ಲ ಕಣೋ ಇದು!" ಅರಬರ ಕಾಲದಿಂದ ಶತಮಾನಗಟ್ಟಲೆ ಈ ಕರಾವಳಿಯಲ್ಲಿ ಕಬ್ಬು ಬೆಳೆಯುತ್ತಿದ್ದರು ಎಂದು ಯಾರೋ ಹೇಳಿದ ಮೇಲಂತೂ ಅವನು ಗ್ರನಾಡಾವನ್ನು ಮಂಡ್ಯ ಜಿಲ್ಲೆಗೆ ಸೇರಿಸಿಬಿಟ್ಟ.

ಕೆಟ್ಟದ್ದೇನಾಯಿತೆಂದರೆ, ಬಾರಿನವನಿಗೆ ರಾಘು ಮುಖಪರಿಚಯವಾಯಿತು. ಈಗ ಕೇಳುವ ಮೊದಲೇ ಅವನ ಮುಂದೆ ಬದನೆಕಾಯಿ ಇಡುತ್ತಾನೆ. ನಮಗೆ ಮಾತ್ರ ಅದೇ ಬ್ರೆಡ್ಡು, ಅದೇ ಹಾಮೋನ್. ಮೊನ್ನೆ ಮಂಜ ಅಭ್ಯಾಸಬಲದಿಂದ ಕೈ ಚಾಚಿದ.

ರಾಘು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಎಂಜಲು ಕೈ ಹಾಕಬೇಡ ಮಾರಾಯ. ಹಂದಿ ತಿಂದಿದ್ದೀಯ ನೀನು."