ಅಳತೆಯ ಚೌಕಗಳಿಗೆ ಬಣ್ಣ ಬರುತ್ತಿಲ್ಲ, ಎರಡು ದಿನ ಹಾಳಾಯಿತು

ಬಳ್ಳಾರಿ_ಜೀನ್ಸ್:
ಅಣ್ಣನ ಜೀನ್ಸ್ ಘಟಕಕ್ಕೆ ವೆಬ್ ಪುಟ ಮಾಡುತ್ತಿದ್ದೇನೆ. ಸೊಂಟದ ಅಳತೆ 28ರಿಂದ 36ರವರೆಗೆ ಒಂದೊಂದಕ್ಕೂ ಬೇರೆ ಬಣ್ಣದ ಚೌಕ ಬೇಕು. ಒಂದಕ್ಕೂ ಬಣ್ಣ ಹತ್ತುತ್ತಿಲ್ಲ. ಪುಟದ ಬಣ್ಣ, ರೂಪ ಹೇಳುವ ಸ್ಟೈಲ್ ಶೀಟನ್ನು (ಸಿಎಸ್‌ಎಸ್) ಸರಿಯಾಗಿಯೇ ಬರೆದಿದ್ದೇನೆ. ನಾಳೆ ವ್ಯಾಪಾರಿಗಳಿಗೆ ತೋರಿಸಬೇಕು, ಬೇಗ ಹೇಳಿ.

ತುಂಗಭದ್ರಾ_ದಂಡೆ:
ಬ್ರೌಸರ್ ಹಳೆಯ ಕಡತವನ್ನೇ ಹಿಡಿದುಕೊಂಡಿದೆ. ಅದು ಉಳಿಸಿಟ್ಟ ಪ್ರತಿಯನ್ನು, ಅಂದರೆ ಕ್ಯಾಷ್, ಅಳಿಸಿ.

ಬಳ್ಳಾರಿ_ಜೀನ್ಸ್:
ಅಳಿಸಿದೆ. ಹಾಗೆಯೇ ಇದೆ.

ತುಂಗಭದ್ರಾ_ದಂಡೆ:
ಪೂರ್ತಿ ಅಳಿಸಿರುವುದಿಲ್ಲ. ಕಡತದ ಹೆಸರನ್ನೇ ಬದಲಿಸಿ ನೋಡಿ. ನನಗೆ ಪ್ರತಿ ಸಲವೂ ಇದೇ ಆಗಿದೆ.

ಬಳ್ಳಾರಿ_ಜೀನ್ಸ್:
ಬದಲಿಸಿದೆ ಸರ್. ಶೀರ್ಷಿಕೆಯ ಬಣ್ಣ ಬದಲಾಗುತ್ತದೆ, ಚೌಕಗಳದ್ದು ಇಲ್ಲ.

ರಾಯಚೂರು_ಹತ್ತಿ:
ಹಾಗಾದರೆ ಕ್ಯಾಷ್ ಅಲ್ಲ. ಚೌಕಗಳಿಗೆ ಏನು ಹೆಸರಿಟ್ಟಿದ್ದೀರಿ? ಅದನ್ನೇ ಹೇಳಿಲ್ಲವಲ್ಲ.

ಬಳ್ಳಾರಿ_ಜೀನ್ಸ್:
ಅಳತೆಯೇ ಕ್ಲಾಸಿನ (ಚೌಕವನ್ನು ಅದರ ಬಣ್ಣದ ನಿಯಮಕ್ಕೆ ಜೋಡಿಸುವ ಗುರುತು) ಹೆಸರು. .28, .30, .32 ಎಂದು ಬರೆದಿದ್ದೇನೆ. ಎಚ್‌ಟಿಎಂಎಲ್ (ಪುಟದ ವಿಷಯ ಇರುವ ಕಡತ) ತಪಾಸಣೆಯಲ್ಲಿ ಒಂದೂ ತಪ್ಪು ಬಂದಿಲ್ಲ.

ರಾಯಚೂರು_ಹತ್ತಿ:
ಗಂಟು ಅಲ್ಲಿಯೇ ಇದೆ. ಅಂಕಿಯಿಂದ ಶುರುವಾಗುವ ಹೆಸರನ್ನು ಎಚ್‌ಟಿಎಂಎಲ್ ಒಪ್ಪುತ್ತದೆ, ಸ್ಟೈಲ್ ಶೀಟು ಒಪ್ಪುವುದಿಲ್ಲ. ಅಲ್ಲಿ .32 ಎಂದರೆ 0.32 ಎಂಬ ಸಂಖ್ಯೆ. ಬ್ರೌಸರ್ ಆ ನಿಯಮವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅಲ್ಪವಿರಾಮ ಹಾಕಿ ಸರಿಯಾದ ಹೆಸರನ್ನು ಜೊತೆಗೆ ಸೇರಿಸಿದ್ದರೆ ಅದೂ ಹೋಯಿತು. -32 ಕೂಡ ನಡೆಯದು. ಅಕ್ಷರದಿಂದಲೋ ಅಡಿಗೆರೆಯಿಂದಲೋ (_) ಶುರುಮಾಡಿ.

ಕೊಪ್ಪಳ_ಕೋಟೆ:
ಅಡಿಗೆರೆ ಬೇಡ. 1996ರ ಮೊದಲ ಸಿಎಸ್‌ಎಸ್‌ನಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ.

ರಾಯಚೂರು_ಹತ್ತಿ:
2011ರ ಸಿಎಸ್‌ಎಸ್ 2.1 ಶಿಫಾರಸಿನಲ್ಲಿ ಇದೆ. ಅವರನ್ನು ಸುಮ್ಮನೆ ಹೆದರಿಸಬೇಡಿ.

ತುಂಗಭದ್ರಾ_ದಂಡೆ:
ಹೆಸರು ಬದಲಿಸದೆಯೂ ಆಗುತ್ತದೆ. .\33 2 ಎಂದು ಬರೆಯಿರಿ. 33 ಎಂಬುದು ಅಕ್ಷರಗಳ ಯೂನಿಕೋಡ್ ಪಟ್ಟಿಯಲ್ಲಿ 3ರ ಸಂಕೇತ. ನಡುವಿನ ಖಾಲಿ ಜಾಗ ಬೇಕೇ ಬೇಕು, ಇಲ್ಲದಿದ್ದರೆ 332 ಎಂಬ ಬೇರೆಯೇ ಸಂಕೇತವಾಗುತ್ತದೆ.

ರಾಯಚೂರು_ಹತ್ತಿ:
ನಡೆಯುತ್ತದೆ. ಆರು ತಿಂಗಳ ಮೇಲೆ ತೆರೆದು ನೋಡಿದರೆ ಬರೆದವರಿಗೇ ತಿಳಿಯುವುದಿಲ್ಲ.

ಕೊಪ್ಪಳ_ಕೋಟೆ:
ಕನ್ನಡದಲ್ಲಿಯೇ ಹೆಸರಿಡಿ, .ಅಳತೆ-32 ಸರಿಯಾದ ಹೆಸರು. .೩೨ ಕೂಡ ನಡೆಯುತ್ತದೆ, ತಡೆ ಇರುವುದು 0ಯಿಂದ 9ರ ಅಂಕಿಗಳಿಗೆ ಮಾತ್ರ. ಕಿನ್ನಾಳ ಗೊಂಬೆಗಳ ಪುಟವನ್ನು ಪೂರ್ತಿ ಹೀಗೆಯೇ ಮಾಡಿದ್ದೇನೆ.

ತುಂಗಭದ್ರಾ_ದಂಡೆ:
ಕನ್ನಡ ಹೆಸರಿನಲ್ಲಿ ಒಂದು ಅಪಾಯವಿದೆ. ‘ಜೀನ್ಸ್-32’ ಎಂದು ಬರೆಯುವಾಗ ಅರ್ಧಾಕ್ಷರದ ಬೆನ್ನಿಗೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಸೇರಿಕೊಂಡರೆ, ನೋಡಲು ಒಂದೇ, ಬ್ರೌಸರಿಗೆ ಎರಡು ಹೆಸರು.

ಬಳ್ಳಾರಿ_ಜೀನ್ಸ್:
.ಅಳತೆ-32 ಎಂದು ಮಾಡಿದೆ, ಬಣ್ಣ ಬಂತು! ಎಲ್ಲರಿಗೂ ಧನ್ಯವಾದ. 34 ಮಾತ್ರ ಇನ್ನೂ ಬಿಳಿಯಾಗಿಯೇ ಇದೆ.

ರಾಯಚೂರು_ಹತ್ತಿ:
34ರ ಸಾಲನ್ನು ಎರಡೂ ಕಡತಗಳಿಂದ ಹಾಗೆಯೇ ಇಲ್ಲಿ ಅಂಟಿಸಿ.