ಮಿಂಟ್ 21.3: 6.8 ಕರ್ನಲ್ ಹಾಕಿದ ಮ್ಯಾಲೆ ಕಪ್ಪು ಪರದೆ (ಜಿಟಿ 730, ಯುಎಸ್‌ಬಿ ವೈಫೈ)

ಗುಮ್ಮಟ_ಡಿಟಿಪಿ (ವಿಜಯಪುರ)

ನಮಸ್ಕಾರ್ರಿ. ಡಿಟಿಪಿ ಅಂಗಡಿಯ ಅಸೆಂಬಲ್ಡ್ ಡೆಸ್ಕ್‌ಟಾಪ್. ಲಿನಕ್ಸ್ ಮಿಂಟ್ 21.3, ಎನ್‌ವಿಡಿಯಾ ಜಿಟಿ 730 ಕಾರ್ಡು, ಡ್ರೈವರ್ ಮ್ಯಾನೇಜರ್‌ನಿಂದ ಹಾಕಿದ 470 ಡ್ರೈವರ್. ವೈಫೈಗೆ ರಿಯಲ್‌ಟೆಕ್ 8821ಸಿಯು ಚಿಪ್ಪಿನ ಯುಎಸ್‌ಬಿ ಡಾಂಗಲ್. ಅದರ ಡ್ರೈವರ್ ಕೈಯಿಂದ ‘ಮೇಕ್ ಇನ್‌ಸ್ಟಾಲ್’ ಹೊಡೆದು ಹಾಕಿದ್ದು, ಹಿಂಗಾಗಿ ಕರ್ನಲ್ (ಲಿನಕ್ಸಿನ ತಿರುಳು) ಬದಲಾದಾಗೊಮ್ಮೆ ವೈಫೈ ನಿಂತಬಿಡತೈತಿ. ಹೊಸ ಕರ್ನಲ್ಲಿನೊಳಗ ಆ ಡ್ರೈವರ್ ಐತಿ ಅಂತ ಗೊತ್ತಾಗಿ, ಅಪ್‌ಡೇಟ್ ಮ್ಯಾನೇಜರ್‌ನಿಂದ 5.15 ಬಿಟ್ಟು 6.8 ಹಾಕೀನಿ.

ಈಗ ಮಿಂಟ್ ಲೋಗೊ ಬರತೈತಿ, ಆಮ್ಯಾಲೆ ಪರದೆ ಕಪ್ಪು, ಎಡಕ್ಕ ಕರ್ಸರ್ ಒಂದ ಮಿಣಕತೈತಿ. 5.15ರಿಂದ ಬೂಟ್ ಮಾಡಿದ್ರ ಎಲ್ಲಾ ಸರಿ. ಎನ್‌ವಿಡಿಯಾ ವೆಬ್‌ಸೈಟಿನ ‘ರನ್’ ಫೈಲ್ ಇಳಿಸಿ ಹಾಕಿದ್ರ ನಡೀತೈತೇನ್ರಿ? ತಪ್ಪು ಎಲ್ಲಿ ಆಗೇತಿ ಅಂತ ಹೆಂಗ ನೋಡೂದು?

ಟಿಳಕವಾಡಿ_ಟರ್ಮಿನಲ್ (ಬೆಳಗಾವಿ)

ರನ್ ಫೈಲ್ ಹಾಕಬೇಡಿ. ಅದು ಹಾಕುವ ಲೈಬ್ರರಿಗಳ ಲೆಕ್ಕ ಮಿಂಟ್‌ನ ಪ್ಯಾಕೇಜು ವ್ಯವಸ್ಥೆಯಾದ ಆಪ್ಟ್‌ಗೆ ಸಿಗುವುದಿಲ್ಲ. ರೆಪಾಸಿಟರಿಯ (ಮಿಂಟ್‌ನ ಪ್ಯಾಕೇಜು ಭಂಡಾರದ) 470 ಇರುವಾಗಲೇ ಮೇಲೆ ಅದನ್ನೂ ಹಾಕಿದರೆ ಎರಡರ ಫೈಲುಗಳು ಕಲಸಿಹೋಗಿ, ಈಗ ಸರಿಯಿರುವ 5.15 ಕೂಡ ಕೆಡುತ್ತದೆ. ಕಾರ್ಡು ಹಳೆಯದು, ಸೈಟಿನ ಹೊಸ ಡ್ರೈವರ್‌ಗಳು ಅದನ್ನು ಗುರುತಿಸುವುದೂ ಇಲ್ಲ.

ಮೊದಲು ಕಾರ್ಡು ಯಾವುದೆಂದು ಖಚಿತ ಮಾಡಿಕೊಳ್ಳಿ. ಜಿಟಿ 730 ಹೆಸರಿನಲ್ಲಿ ಎರಡು ಬೇರೆ ಚಿಪ್ಪುಗಳು ಮಾರಾಟವಾಗಿವೆ. ‘ಎಲ್‌ಎಸ್‌ಪಿಸಿಐ’ ಹೊಡೆದು ವಿಜಿಎ ಸಾಲು ನೋಡಿ. ಜಿಕೆ208 ಎಂದಿದ್ದರೆ ಕೆಪ್ಲರ್ ಪೀಳಿಗೆಯದು, ಅದಕ್ಕೆ 470 ಸರಿ. ಜಿಎಫ್108 ಎಂದಿದ್ದರೆ ಫರ್ಮಿ ಪೀಳಿಗೆಯದು, ಅದಕ್ಕೆ 390 ಮಾತ್ರ; ಆ ಸರಣಿಯ ಬೆಂಬಲ 2022ಕ್ಕೇ ಮುಗಿದಿದೆ. ನಿಮ್ಮಲ್ಲಿ 5.15ರಲ್ಲಿ 470 ಓಡುತ್ತಿದೆ ಎಂದರೆ ಜಿಕೆ208 ಇರಬೇಕು.

ಎನ್‌ವಿಡಿಯಾ ಮಾಡ್ಯೂಲು (ಡ್ರೈವರಿನಲ್ಲಿ ಕರ್ನಲ್ಲಿಗೆ ಸೇರುವ ಭಾಗ) ಕರ್ನಲ್ಲಿನ ಜೊತೆ ಬರುವುದಿಲ್ಲ. ಪ್ರತಿ ಹೊಸ ಕರ್ನಲ್ ಬಂದಾಗಲೂ ಡಿಕೆಎಂಎಸ್ ಎಂಬ ಉಪಕರಣ ನಿಮ್ಮ ಯಂತ್ರದಲ್ಲೇ ಅದನ್ನು ಕಂಪೈಲ್ ಮಾಡುತ್ತದೆ, ಎಂದರೆ ಮೂಲ ಕೋಡಿನಿಂದ ಕಟ್ಟುತ್ತದೆ. ಅದು ಸೋತರೆ ಕರ್ನಲ್ ಹಾಕಿದ ಹಾಗೆ ಕಾಣುತ್ತದೆ, ಮಾಡ್ಯೂಲು ಮಾತ್ರ ಇರುವುದಿಲ್ಲ, ಪರದೆ ಕಪ್ಪು. ಅಪ್‌ಡೇಟ್ ಮ್ಯಾನೇಜರ್ ವಿವರಗಳನ್ನು ಮಡಚಿಟ್ಟಿರುವುದರಿಂದ ಈ ಸೋಲು ಕಣ್ಣಿಗೆ ಬೀಳದೆ ದಾಟಿಹೋಗುತ್ತದೆ.

5.15ರಿಂದ ಬೂಟ್ ಮಾಡಿ ‘ಡಿಕೆಎಂಎಸ್ ಸ್ಟೇಟಸ್’ ಹೊಡೆಯಿರಿ. (ಇಲ್ಲಿ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರ.) ಎನ್‌ವಿಡಿಯಾ 470ರ ಮುಂದೆ 5.15ಕ್ಕೆ ‘ಇನ್‌ಸ್ಟಾಲ್ಡ್’ ಇದ್ದು 6.8ರ ಸಾಲೇ ಇಲ್ಲದಿದ್ದರೆ ರೋಗ ಸಿಕ್ಕಿತು. ಕಾರಣ ‘ಮೇಕ್.ಲಾಗ್’ ಫೈಲಿನಲ್ಲಿರುತ್ತದೆ: ವಾರ್, ಅದರೊಳಗೆ ಲಿಬ್, ಡಿಕೆಎಂಎಸ್, ಎನ್‌ವಿಡಿಯಾ, ಆವೃತ್ತಿಯ ಫೋಲ್ಡರ್, ಬಿಲ್ಡ್. ಕೊನೆಯ 30-40 ಸಾಲು ಇಲ್ಲಿ ಹಾಕಿ.

ನನ್ನ ಊಹೆ ಕಂಪೈಲರ್ ಮೇಲಿದೆ. ಮಿಂಟ್ 21ರ ಬುನಾದಿ ಉಬುಂಟು 22.04, ಅದರ ಡೀಫಾಲ್ಟ್ ಕಂಪೈಲರ್ ಜಿಸಿಸಿ 11. ಆದರೆ 22.04ಕ್ಕೆ ಬಂದ 6.5 ಮತ್ತು 6.8 ಕರ್ನಲ್‌ಗಳನ್ನು ಕಟ್ಟಿದ್ದು ಜಿಸಿಸಿ 12ರಿಂದ. ಅದು ಬಳಸುವ ಒಂದು ಆಯ್ಕೆ 11ಕ್ಕೆ ಅರ್ಥವಾಗುವುದಿಲ್ಲ. ಲಾಗ್‌ನಲ್ಲಿ ‘ಅನ್‌ರೆಕಗ್ನೈಸ್ಡ್ ಕಮಾಂಡ್-ಲೈನ್ ಆಪ್ಷನ್’ ಎಂದು ಬಂದು, ಪಕ್ಕದಲ್ಲಿ ‘ಎಫ್‌ಟ್ರಿವಿಯಲ್-ಆಟೊ-ವಾರ್-ಇನಿಟ್’ ಕಂಡರೆ ಇದೇ.

ನವನಗರ_ಬಿಜಿಕೆ (ಬಾಗಲಕೋಟೆ)

ಮ್ಯಾಲಿನವರು ಹೇಳಿದ್ದು ಬರೋಬ್ಬರಿ ಐತಿ. ಲಾಗಿನಾಗ ಆ ಸಾಲು ಸಿಕ್ಕರ ಹಿಂಗ ಮಾಡ್ರಿ:

‘ಸುಡೊ ಆಪ್ಟ್ ಇನ್‌ಸ್ಟಾಲ್ ಜಿಸಿಸಿ-12’. ಆಮ್ಯಾಲೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಯಾಕಂದ್ರ ಡಿಕೆಎಂಎಸ್ ಸೋತಾಗ ಕರ್ನಲ್ ಪ್ಯಾಕೇಜು ಅರ್ಧಕ್ಕ ನಿಂತಿರಬಹುದು. ಇದರಾಗ ಮಾಡ್ಯೂಲು ತಾನ ಕಟ್ಟಿಕೊಳ್ಳಲಿಲ್ಲಂದ್ರ ‘ಸುಡೊ ಡಿಕೆಎಂಎಸ್ ಆಟೊಇನ್‌ಸ್ಟಾಲ್ -ಕೆ’, ಮುಂದ 6.8ರ ಪೂರ್ತಿ ಹೆಸರು. ಆ ಹೆಸರು ಬೂಟ್ ಫೋಲ್ಡರಿನಾಗ ‘ವಿಎಂಲಿನಜ್’ ಫೈಲಿನ ಮುಂದ ಇರತೈತಿ, ‘ಜೆನೆರಿಕ್’ ಅಂತ ಮುಗಿಯೂತನಕ ಪೂರಾ ಬರೀಬೇಕು. ಸ್ಟೇಟಸ್‌ನಾಗ 6.8ರ ಮುಂದ ‘ಇನ್‌ಸ್ಟಾಲ್ಡ್’ ಬರೂತನಕ ರೀಬೂಟ್ ಮಾಡಬ್ಯಾಡ್ರಿ.

ಇನ್ನ ವೈಫೈ. 8821ಸಿಯು ಡ್ರೈವರ್ ಕರ್ನಲ್ಲಿನೊಳಗ ಬಂದದ್ದು 6.2ರಿಂದ, ಹೆಸರು ‘ಆರ್‌ಟಿಡಬ್ಲ್ಯೂ88_8821ಸಿಯು’. ಖರೆ, ಎಲ್ಲಾ ಡಾಂಗಲ್‌ಗಳ ಐಡಿ ಅದರ ಪಟ್ಟಿಯಾಗ ಇರೂದಿಲ್ಲ. ‘ಎಲ್‌ಎಸ್‌ಯುಎಸ್‌ಬಿ’ಯಿಂದ ನಿಮ್ಮ ಐಡಿ ತಗೊಂಡು, 6.8ರಾಗ ಬೂಟ್ ಆದ ಮ್ಯಾಲೆ ‘ಮಾಡ್‌ಇನ್ಫೊ ಆರ್‌ಟಿಡಬ್ಲ್ಯೂ88_8821ಸಿಯು’ ಕೊಡೋ ಅಲಿಯಾಸ್ ಸಾಲಿನಾಗ ಹುಡಕ್ರಿ. ಐಡಿಯ ಕೊನೀ ಭಾಗ 1ಎ2ಬಿ ಅಂತಿದ್ರ ಡಾಂಗಲ್ ಇನ್ನೂ ಸಿಡಿ ವೇಷದಾಗ ಐತಿ ಅಂತ ಅರ್ಥ. ‘ಯುಎಸ್‌ಬಿ-ಮೋಡ್‌ಸ್ವಿಚ್’ ಪ್ಯಾಕೇಜು ಹಾಕಿ ತಗದು ಮತ್ತ ಚುಚ್ಚರಿ.

ಕೈಯಿಂದ ಹಾಕಿದ ಹಳೇ ಡ್ರೈವರ್ 5.15ರ ಫೋಲ್ಡರಿನಾಗ ಅಷ್ಟ ಇರತೈತಿ, ಅದು 6.8ಕ್ಕ ಅಡ್ಡ ಬರೂದಿಲ್ಲ. ಅಡ್ಡ ಬರೂದು ಅದರ ಕಾನ್ಫಿಗ್ ಫೈಲು. ಇಟಿಸಿಯೊಳಗಿನ ‘ಮಾಡ್‌ಪ್ರೋಬ್.ಡಿ’ ಫೋಲ್ಡರಿನಾಗ 8821ಸಿಯು ಹೆಸರಿನ ಫೈಲು ಐತೇನು ನೋಡ್ರಿ, ಒಳಗ ‘ಬ್ಲಾಕ್‌ಲಿಸ್ಟ್ ಆರ್‌ಟಿಡಬ್ಲ್ಯೂ88’ ಅಂತ ಶುರುವಾಗೋ ಸಾಲು ಇದ್ರ ತಗೀರಿ. ಈ ಒಂದು ಸಾಲು ಉಳದ್ರ ಹೊಸ ಕರ್ನಲ್ ಹಾಕಿಯೂ ವೈಫೈ ಬರೂದಿಲ್ಲ.

ಇದನ್ನೆಲ್ಲಾ ಇಳಿಸೂವಾಗ ವೈಫೈ ನಂಬಬ್ಯಾಡ್ರಿ. ಮೊಬೈಲ್ ಕೇಬಲ್ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ರಿ, ಅದಕ್ಕ ಬ್ಯಾರೆ ಡ್ರೈವರ್ ಬೇಕಾಗೂದಿಲ್ಲ.

ಗುಮ್ಮಟ_ಡಿಟಿಪಿ (ವಿಜಯಪುರ)

ಚಿಪ್ಪು ಜಿಕೆ208. ಲಾಗಿನಾಗ ಅದ ‘ಎಫ್‌ಟ್ರಿವಿಯಲ್’ ಸಾಲು ಇತ್ರಿ. ಜಿಸಿಸಿ-12 ಹಾಕಿದ ಮ್ಯಾಲೆ ಕಾನ್ಫಿಗರ್ ಮಾಡೂವಾಗನ ಮಾಡ್ಯೂಲು ಕಟ್ಟಿತು. 6.8ರಾಗ ಡೆಸ್ಕ್‌ಟಾಪ್ ಬಂತು, ‘ಎನ್‌ವಿಡಿಯಾ-ಎಸ್‌ಎಂಐ’ 470 ಅಂತ ತೋರಿಸತೈತಿ. ಬ್ಲಾಕ್‌ಲಿಸ್ಟ್ ಸಾಲೂ ಇತ್ತು, ತಗದೆ, ವೈಫೈ ಬಂತು. ಭಾಳ ಉಪಕಾರ ಆತ್ರಿ ಇಬ್ಬರಿಗೂ.

ಇನ್ನೊಂದು ಕೇಳ್ತೀನಿ. ಅಂಗಡ್ಯಾಗ ಯುಪಿಎಸ್ ಬ್ಯಾಟರಿ ಐದು ನಿಮಿಷಕ್ಕಿಂತ ಹೆಚ್ಚು ತಡಿಯೂದಿಲ್ಲ. ಅಪ್‌ಡೇಟ್ ನಡುವ ಕರೆಂಟ್ ಹೋದ್ರ? ಮತ್ತ ಹಳೇ 5.15 ತಗದುಬಿಡಲೇನು?

ಟಿಳಕವಾಡಿ_ಟರ್ಮಿನಲ್ (ಬೆಳಗಾವಿ)

5.15 ತೆಗೆಯಬೇಡಿ. 470ಕ್ಕೂ 2024ರಲ್ಲಿ ಎನ್‌ವಿಡಿಯಾ ಬೆಂಬಲ ಮುಗಿಸಿದೆ. ಮುಂದೆ ಯಾವುದೋ ಕರ್ನಲ್ಲಿಗೆ ಅದು ಕಂಪೈಲ್ ಆಗದೆ ಉಳಿಯುವುದು ಖಂಡಿತ, ಆಗ ನಿಲ್ಲಲು ನೆಲ ಬೇಕು. ಆ ದಿನ ಬಂದರೆ 470 ತೆಗೆದು, ಕರ್ನಲ್ಲಿನ ಜೊತೆಗೇ ಬರುವ ನೂವೊ ಡ್ರೈವರ್‌ಗೆ ಹೋಗಿ. ಪುಟವಿನ್ಯಾಸ, ಸ್ಕ್ಯಾನಿಂಗ್, ಪ್ರಿಂಟಿಂಗ್ ಕೆಲಸಕ್ಕೆ ಅದು ಸಾಕು.

ಕರೆಂಟ್ ವಿಷಯದಲ್ಲಿ ಇಳಿಸುವ ಕೆಲಸವನ್ನೂ ಹಾಕುವ ಕೆಲಸವನ್ನೂ ಬೇರೆ ಮಾಡಿ. ‘ಸುಡೊ ಆಪ್ಟ್ ಅಪ್‌ಡೇಟ್’ ಆದ ಮೇಲೆ ‘ಸುಡೊ ಆಪ್ಟ್ ಅಪ್‌ಗ್ರೇಡ್ --ಡೌನ್‌ಲೋಡ್-ಓನ್ಲಿ’ ಕೊಟ್ಟರೆ ಫೈಲುಗಳು ಬಂದು ಕೂರುತ್ತವೆ. ಈ ಹೊತ್ತಿನಲ್ಲಿ ಕರೆಂಟ್ ಹೋದರೂ ಸಿಸ್ಟಮ್ಮಿಗೆ ಏನೂ ಆಗದು. ಆಮೇಲೆ ಕರೆಂಟ್ ಹೋಗದೆ ಇರುವ ಹೊತ್ತು ನೋಡಿ ‘ಸುಡೊ ಆಪ್ಟ್ ಅಪ್‌ಗ್ರೇಡ್’.

ನವನಗರ_ಬಿಜಿಕೆ (ಬಾಗಲಕೋಟೆ)

ನಡುವ ಹೋಯ್ತು ಅಂದ್ರ ಹೆಚ್ಚಾಗಿ ಕಾಣೂದು ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಅನ್ನೋ ಪ್ಯಾನಿಕ್ (ಕರ್ನಲ್ ಮುಂದ ಹೋಗದ ಅಲ್ಲೇ ನಿಲ್ಲೂದು). ಡಿಸ್ಕ್ ಹೋತು ಅಂತ ಗಾಬರಿ ಬ್ಯಾಡ್ರಿ, ಬೂಟಿನ ಶುರುವಿಗೆ ಬೇಕಾಗೋ ಇನಿಟ್‌ರಾಮ್‌ಎಫ್‌ಎಸ್ ಫೈಲು ತಯಾರಾಗೂ ಮೊದಲ ಯಂತ್ರ ಬಂದ್ ಆಗಿರತೈತಿ ಅಷ್ಟ. ಬೂಟ್ ಆಗೂವಾಗ ಹಳೇ ಬಯಾಸ್ ಇದ್ರ ಶಿಫ್ಟ್ ಒತ್ತಿ ಹಿಡೀರಿ, ಯುಇಎಫ್‌ಐ ಇದ್ರ ಎಸ್ಕೇಪ್ ಒತ್ತರಿ. ಗ್ರಬ್ ಅನ್ನೋ ಬೂಟ್ ಮೆನುವಿನಾಗ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗ 5.15 ಆರಿಸಿ ಒಳಗ ಹೋಗ್ರಿ. ನಾಕು ಕಮಾಂಡು, ಇದ ಕ್ರಮದಾಗ, ಎಲ್ಲಾದಕ್ಕೂ ಮುಂದ ಸುಡೊ: ‘ಡಿಪಿಕೆಜಿ --ಕಾನ್ಫಿಗರ್ -ಎ’, ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಮುಂದ ಕೆಟ್ಟ ಕರ್ನಲ್ಲಿನ ಪೂರ್ತಿ ಹೆಸರು, ಕೊನೀಗೆ ‘ಅಪ್‌ಡೇಟ್-ಗ್ರಬ್’. ಮೂರನೇದ್ದು ‘ಆಗಲೇ ಐತಿ’ ಅಂತ ತಕರಾರು ತಗದ್ರ ‘-ಸಿ’ ಬದಲಿ ‘-ಯು’ ಕೊಡ್ರಿ.

ಬೂಟಿಗೆ ಬ್ಯಾರೆ ಪಾರ್ಟಿಶನ್ ಮಾಡಿದ್ದಿದ್ರ ಈ ಕಮಾಂಡುಗಳಿಗಿಂತ ಮೊದಲ ‘ಡಿಎಫ್ -ಎಚ್’ ಹೊಡದು ಜಾಗಾ ನೋಡ್ರಿ. ತುಂಬಿದ್ರ ಇನಿಟ್‌ರಾಮ್‌ಎಫ್‌ಎಸ್ ಅರ್ಧ ಬರದು ನಿಂತು, ಇದ ಪ್ಯಾನಿಕ್ ಮತ್ತ ಬರತೈತಿ. 5.15ದ್ದು ಒಂದು, ಈಗ ನಡದಿರೋ 6.8 ಒಂದು ಇಟ್ಟು, ನಡುವಿನ ಹಳೇವನ್ನ ಅಪ್‌ಡೇಟ್ ಮ್ಯಾನೇಜರ್‌ನ ಕರ್ನಲ್ ಪಟ್ಟಿಯಿಂದ ತಗೀರಿ. ಬೂಟ್ ಫೋಲ್ಡರಿನಾಗಿಂದ ಕೈಲೆ ಅಳಸಬ್ಯಾಡ್ರಿ.